ಶಿಶುವಿನ ಇಂದ್ರಿಯ ವಿಕಾಸವೂ ಅಕ್ಷರಾಭ್ಯಾಸವೂ

ಜೂನ್ ತಿಂಗಳಲ್ಲಿ ಶಾಲೆ ತೆರೆದೊಡನೆ ಮಕ್ಕಳ ಹೆಸರು ಹಚ್ಚಲು ಪಾಲಕರು ಬರತೊಡಗುತ್ತಾರೆ. ಅವರಲ್ಲಿ ಅನೇಕರು ಮಗುವಿನ ಬೆನ್ನ ಮೇಲೆ ಕೈಯಿಟ್ಟು, "ಇವಗ ನೂರರ ತನಕ ಅಂಕಿ ಬಾಯಿಪಾಠ ಅದರೀ ಸರ, ಎ ಬಿ ಸಿ ಡಿ ಪೂರಾ ಬರ್ತದ" ಎಂದು ಅಭಿಮಾನದಿಂದ ಹೇಳುವುದುಂಟು. ಸಂತೋಷದ ಸಂಗತಿಯೇ. ಆದರೆ ಅದೇ ಮಗುವಿನ ಮುಂದೆ ಸಣ್ಣವು ದೊಡ್ಡವು ಐದಾರು ತಂಬಿಗೆಗಳನ್ನಿಟ್ಟು, "ಇವುಗಳಲ್ಲಿ ಮೂರನ್ನು ಕೊಡು, ಎಲ್ಲಕ್ಕಿಂತ ಸಣ್ಣದನ್ನು ಬೇರೆ ಇಡು" ಎಂದರೆ ಅದು ತಾಯಿಯ ಮುಖವನ್ನು ನೋಡುತ್ತದೆ. ನೂರು ಎಂಬ ಶಬ್ದವು ನಾಲಿಗೆಗೆ ಬಂದಿದೆ. ಮೂರು ಎಂಬ ಪ್ರಮಾಣವು ಕೈಗೆ ಇನ್ನೂ ಬಂದಿಲ್ಲ. ಇದು ಮಗುವಿನ ದೋಷವಲ್ಲ. ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವನ್ನು ದೊಡ್ಡವರಾದ ನಾವು ತಿರುವುಮುರುವು ಮಾಡಿದುದರ ಫಲ.

ಅಕ್ಷರಾಭ್ಯಾಸವು ಶಾಲೆಯಲ್ಲಿ ಆರಂಭವಾಗುತ್ತದೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುತ್ತಾರೆ. ವಾಸ್ತವವಾಗಿ ಅದರ ತಳಪಾಯವು ಮೊದಲ ಮೂರು ವರ್ಷಗಳಲ್ಲಿ ಕಣ್ಣು, ಕಿವಿ, ಬಾಯಿ, ಕೈಗಳ ಮೂಲಕ ಅಡಿಗೆಮನೆಯಲ್ಲಿಯೂ ಅಂಗಳದಲ್ಲಿಯೂ ಬೀಳುತ್ತದೆ. ಆಗ ಗುರುವೆಂದರೆ ತಾಯಿ, ಅಜ್ಜಿ, ಅಕ್ಕ ಇವರೇ. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಕನ್ನಡ ಮನೆಗಳಿಗೆ ಇದು ಬರಿಯ ಶಾಸ್ತ್ರವಿಚಾರವಲ್ಲ. ೧೯೫೬ರವರೆಗೆ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಯವು. ರಾಜ್ಯಗಳ ಪುನರ್ವಿಂಗಡಣೆಯಾದಾಗ ಅವು ಆಗಿನ ಮುಂಬಯಿ ರಾಜ್ಯದ ಪಾಲಿಗೆ ಬಂದವು. ಗೆರೆ ಸರಿಯಿತು, ಮನೆಯ ಮಾತು ಉಳಿಯಿತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ ೩೫೦-ಎ ಕಲಮು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಮಾಡಬೇಕೆಂದು ಹೇಳುತ್ತದೆ. ಆದರೆ ಆ ಕಲಮು ಕೆಲಸಕ್ಕೆ ಬರುವುದು ಮಗು ಶಾಲೆಯ ಬಾಗಿಲಿಗೆ ಬಂದ ಮೇಲೆ. ಅದಕ್ಕೆ ಮುಂಚಿನ ಕಾಲವು ಸಂಪೂರ್ಣವಾಗಿ ಮನೆಯವರ ಕೈಯಲ್ಲಿದೆ.

ಶಿಶುವು ಹುಟ್ಟುವಾಗ ಇಂದ್ರಿಯಗಳೆಲ್ಲವೂ ಇರುತ್ತವೆ; ಆದರೆ ಅವೆಲ್ಲವೂ ಒಂದೇ ಹದಕ್ಕೆ ಬಂದಿರುವುದಿಲ್ಲ. ಸ್ಪರ್ಶ, ವಾಸನೆ, ರುಚಿಗಳು ಸಾಕಷ್ಟು ಮುಂದುವರಿದಿರುತ್ತವೆ. ಕಣ್ಣು ಹಿಂದುಳಿದಿರುತ್ತದೆ, ಮೊದಲ ವಾರಗಳಲ್ಲಿ ಮಗುವಿಗೆ ಒಂದು ಗೇಣಿನ ಆಚೀಚೆ, ಎಂದರೆ ೨೦ರಿಂದ ೩೦ ಸೆಂಟಿಮೀಟರ್ ದೂರದ ವಸ್ತುವೇ ಚೆನ್ನಾಗಿ ಕಾಣುವುದು. ಎದೆಹಾಲು ಕುಡಿಯುವ ಮಗುವಿಗೂ ತಾಯಿಯ ಮುಖಕ್ಕೂ ಇರುವ ಅಂತರ ಅಷ್ಟೇ ಎಂಬುದನ್ನು ಗಮನಿಸಬೇಕು. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಮೆದುಳು ಪ್ರೌಢರ ಮೆದುಳಿನ ಸುಮಾರು ಐದರಲ್ಲಿ ನಾಲ್ಕು ಪಾಲಿನಷ್ಟು ತೂಕವನ್ನು ಪಡೆದಿರುತ್ತದೆ. ಈ ಬೆಳವಣಿಗೆಗೆ ಆಹಾರ ಎಷ್ಟು ಅವಶ್ಯವೋ ಕಂಡದ್ದು, ಕೇಳಿದ್ದು, ಮುಟ್ಟಿದ್ದು ಅಷ್ಟೇ ಅವಶ್ಯ. ಬಳಸಿದ ನರಮಾರ್ಗಗಳು ಗಟ್ಟಿಯಾಗುತ್ತವೆ, ಬಳಸದವು ಕ್ಷೀಣಿಸುತ್ತವೆ. ಹೊಲದಲ್ಲಿ ನಾಲ್ಕು ಜನ ನಡೆದ ಕಡೆ ಕಾಲುದಾರಿ ಮೂಡಿ, ನಡೆಯದ ಕಡೆ ಹುಲ್ಲು ಮುಚ್ಚುವಂತೆ ಇದು.

ಇಂದ್ರಿಯಗಳಲ್ಲಿ ಕಿವಿಯ ವಿಷಯವನ್ನೇ ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಗಡಿಭಾಗದಲ್ಲಿರುವ ನಮಗೆ ಅದರ ಮಹತ್ವ ಹೆಚ್ಚು.

ಕಿವಿಯು ಹುಟ್ಟುವ ಮೊದಲೇ ಕೆಲಸಕ್ಕೆ ತೊಡಗುತ್ತದೆ. ಗರ್ಭದ ಕೊನೆಯ ತಿಂಗಳುಗಳಲ್ಲಿ ಶಿಶುವು ತಾಯಿಯ ಧ್ವನಿಯನ್ನು ಕೇಳುತ್ತಿರುತ್ತದೆ. ೧೯೮೦ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಅಮೇರಿಕದ ವಿದ್ವಾಂಸರು, ಹುಟ್ಟಿ ಮೂರು ದಿನವೂ ತುಂಬದ ಕೂಸುಗಳು ಪರಸ್ತ್ರೀಯ ಧ್ವನಿಗಿಂತ ತಾಯಿಯ ಧ್ವನಿಯನ್ನೇ ಆರಿಸಿಕೊಳ್ಳುತ್ತವೆಂಬುದನ್ನು, ಅವು ಚೀಪುವ ರೀತಿಯಿಂದಲೇ ಕಂಡುಹಿಡಿದರು. ಇನ್ನೂ ಆಶ್ಚರ್ಯಕರವಾದುದು ೧೯೮೪ರಲ್ಲಿ ವರ್ಕರ್ ಮತ್ತು ಟೀಸ್ ಎಂಬವರು ಕೆನಡಾ ದೇಶದಲ್ಲಿ ಪ್ರಕಟಿಸಿದ ಪರೀಕ್ಷೆ. ಹಿಂದಿಯ ತಕಾರಕ್ಕೂ ಟಕಾರಕ್ಕೂ ಇರುವ ಭೇದವು ಇಂಗ್ಲಿಷ್ ಮಾತಾಡುವ ಪ್ರೌಢರ ಕಿವಿಗೆ ಸುಲಭವಾಗಿ ಹತ್ತುವುದಿಲ್ಲ. ಆದರೆ ಅವರದೇ ಮನೆಗಳ ಆರರಿಂದ ಎಂಟು ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಆ ಭೇದವನ್ನು ಗುರುತಿಸಿದವು! ಹತ್ತು ಹನ್ನೆರಡು ತಿಂಗಳಾಗುವಷ್ಟರಲ್ಲಿ ಆ ಶಕ್ತಿ ಬಹುಪಾಲು ಅಳಿದುಹೋಗಿತ್ತು. ಅಂದರೆ, ಶಿಶುವು ಲೋಕದ ಎಲ್ಲ ನುಡಿಗಳಿಗೂ ತೆರೆದ ಕಿವಿಯೊಡನೆ ಹುಟ್ಟುತ್ತದೆ. ವರ್ಷ ತುಂಬುವುದರೊಳಗೆ, ತನ್ನ ಸುತ್ತ ಕೇಳಿಬರುವ ನುಡಿಯ ದನಿಗಳನ್ನು ಉಳಿಸಿಕೊಂಡು ಉಳಿದವುಗಳತ್ತ ಗಮನವನ್ನು ಸಡಿಲಿಸುತ್ತದೆ. ಮಗು ಒಂದು ಮಾತನ್ನೂ ಆಡುವ ಮೊದಲೇ ಈ ಆಯ್ಕೆ ನಡೆದುಹೋಗಿರುತ್ತದೆ.

ಇದನ್ನು ನಮ್ಮ ಊರಿನ ಮಾತಿಗೆ ತಂದು ನೋಡೋಣ. ಬೆಲೆ, ಬೆಳೆ, ಬೇಳೆ, ಈ ಮೂರು ಶಬ್ದಗಳಿಲ್ಲದೆ ಉದಗೀರದ ಪೇಟೆಯಲ್ಲಿ ಕನ್ನಡಿಗನ ವ್ಯವಹಾರ ಸಾಗದು. ಮೊದಲೆರಡರಲ್ಲಿ ಲಕಾರ ಳಕಾರಗಳ ಭೇದ. ಕೊನೆಯೆರಡರಲ್ಲಿ ಎಕಾರದ ಹ್ರಸ್ವದೀರ್ಘ ಭೇದ. ಲಕಾರ ಳಕಾರಗಳು ಮರಾಠಿಯಲ್ಲಿಯೂ ಬೇರೆಬೇರೆಯಾಗಿವೆ. ಹಿಂದಿ ಉರ್ದುಗಳಲ್ಲಿ ಳಕಾರವಿಲ್ಲ. ಎ-ಏ, ಒ-ಓ ಎಂಬ ಭೇದವಾದರೋ ಮರಾಠಿಯಲ್ಲಿ ಅರ್ಥವನ್ನು ಬದಲಿಸುವಂಥದಲ್ಲ. ಅದಕ್ಕೆ ಬೇರೆ ಅಕ್ಷರವೂ ಇಲ್ಲ. ಒಂದನೆಯ ಇಯತ್ತೆಯಲ್ಲಿ ಉಕ್ತಲೇಖನ ಕೊಡುವಾಗ "ಬೇಳೆ" ಎಂದರೆ "ಬೆಳೆ" ಎಂದೂ, "ಕೋಡು" ಎಂದರೆ "ಕೊಡು" ಎಂದೂ ಬರೆಯುವ ಮಕ್ಕಳು ಪ್ರತಿವರ್ಷವೂ ಇರುತ್ತಾರೆ. ಶಿಕ್ಷಕರು ಇದನ್ನು ಅಜಾಗರೂಕತೆಯೆಂದು ಬಗೆದು ಹತ್ತು ಸಲ ಬರೆಸುವುದುಂಟು. ಕೈ ಹತ್ತು ಸಲ ಬರೆದರೆ ಕಿವಿಯು ಹೇಗೆ ತಿದ್ದೀತು? ಮೊದಲು ಆ ಭೇದವು ಮಗುವಿಗೆ ಕೇಳುತ್ತಿದೆಯೋ ಇಲ್ಲವೋ ಎಂದು ನೋಡಬೇಕು. ಎಳೆಯಂದಿನಿಂದ ಅಡಿಗೆಮನೆಯಲ್ಲಿ "ಬ್ಯಾಳಿ ಹಾಕು" ಎಂಬುದನ್ನೂ, ಹೊಲದಲ್ಲಿ "ಬೆಳಿ ಬಂತು" ಎಂಬುದನ್ನೂ ಕೇಳುತ್ತ ಬೆಳೆದ ಮಗುವಿಗೆ, ನಮ್ಮ ಆಡುಮಾತು ಗ್ರಂಥಭಾಷೆಯಿಂದ ಎಷ್ಟೇ ದೂರವಿದ್ದರೂ, ಅವೆರಡು ಬೇರೆ ಶಬ್ದಗಳೆಂಬ ಅರಿವು ಮೊದಲೇ ಇರುತ್ತದೆ. ಅಂಥ ಮಗುವಿಗೆ ಏತ್ವದ ದೀರ್ಘವನ್ನು ತೋರಿಸಿದರೆ ಸಾಕು. ತಾನು ಬಲ್ಲ ದನಿಗೆ ಒಂದು ಗುರುತು ಸಿಕ್ಕಿತೆಂದು ಅದನ್ನು ಹಿಡಿದುಕೊಳ್ಳುತ್ತದೆ.

ಇದರಿಂದ ಮರಾಠಿಯು ಕನ್ನಡ ಮಗುವಿಗೆ ಕೇಡೆಂದು ಯಾರೂ ತಿಳಿಯಬಾರದು. ಮರಾಠಿ ನಮ್ಮ ನೆರೆಯ ನುಡಿ, ನಮ್ಮ ರಾಜ್ಯದ ನುಡಿ. "ಚಹಾ" ಎಂಬಲ್ಲಿಯ ಚಕಾರ ಬೇರೆ, ಗಾಲಿ ಎಂಬರ್ಥದ "ಚಾಕ" ಎಂಬಲ್ಲಿ ಹಲ್ಲಿನ ಬಳಿ ಹುಟ್ಟುವ ಚಕಾರ ಬೇರೆ. ದೊಡ್ಡವನಾದ ಮೇಲೆ ಮರಾಠಿ ಕಲಿತ ಕನ್ನಡಿಗನು ಇಲ್ಲಿ ಎಡವುತ್ತಾನೆ. ನೆರೆಮನೆಯ ಮರಾಠಿ ಅಜ್ಜಿಯ ತೊಡೆಯ ಮೇಲೆ ಆಡಿದ ಕೂಸು ಎಡವುವುದಿಲ್ಲ. ಎರಡು ನುಡಿಗಳನ್ನು ಕೇಳಿದರೆ ಮಗುವಿನ ಮಾತು ಕಲಸಿಹೋಗುತ್ತದೆಂಬ ಭಯ ನಿರಾಧಾರವಾದುದು. ನುಡಿಗಳು ಎಷ್ಟಾದರೂ ಇರಲಿ; ಅವು ಜೀವಂತ ಮನುಷ್ಯರ ಬಾಯಿಂದ, ಸಹಜವಾಗಿ, ಸಮೃದ್ಧವಾಗಿ ಬರಬೇಕು. ಕೆಡುಕಾಗುವುದು ಬೇರೆ ರೀತಿಯಿಂದ. ಎರಡೂವರೆ ವರ್ಷಕ್ಕೆ ಮಗುವನ್ನು ಇಂಗ್ಲಿಷ್ ನರ್ಸರಿಗೆ ಹಾಕಿದ ಕೆಲವು ಮನೆಗಳಲ್ಲಿ ತಾಯಂದಿರು ತಮಗೆ ಬಲ್ಲ ಕನ್ನಡವನ್ನು ಬಿಟ್ಟು, "ವಾಟರ್ ಕುಡಿ", "ಡಾಗ್ ನೋಡು" ಎಂದು ಹತ್ತಿಪ್ಪತ್ತು ಶಬ್ದಗಳಲ್ಲಿ ದಿನ ನೂಕುತ್ತಿದ್ದಾರೆ. ಇಂಗ್ಲಿಷಂತೂ ಇಷ್ಟರಿಂದ ಬರುವುದಿಲ್ಲ. ಕನ್ನಡ ಮಾತ್ರ ಬಡವಾಗುತ್ತದೆ. ನೀರು ಎಂಬ ಒಂದು ಶಬ್ದ ಹೋಯಿತೆಂಬುದು ದೊಡ್ಡ ಮಾತಲ್ಲ. ಅದರ ಸುತ್ತಲಿನ ಉಗುರುಬೆಚ್ಚಗೆ, ತಣ್ಣಗೆ, ತುಳುಕು, ಸೋರು, ಮೊಗೆ, ಬಗ್ಗಿಸು ಎಂಬ ಹತ್ತಾರು ಮಾತುಗಳು ಮಗುವಿನ ಕಿವಿಗೆ ಬೀಳದೆ ಹೋಗುತ್ತವೆ.

ಜೀವಂತ ಮನುಷ್ಯರ ಬಾಯಿಂದ ಎಂದು ಹೇಳಿದುದಕ್ಕೆ ಕಾರಣವಿದೆ. ೨೦೦೩ರಲ್ಲಿ ಪೆಟ್ರಿಷಿಯಾ ಕೂಲ್ ಎಂಬ ವಿದುಷಿಯೂ ಅವರ ಸಂಗಡಿಗರೂ ಅಮೇರಿಕದ ಒಂಬತ್ತು ತಿಂಗಳ ಶಿಶುಗಳಿಗೆ ಚೀನೀ ಭಾಷೆಯನ್ನು ಕೇಳಿಸಿದರು. ಸುಮಾರು ೨೫ ನಿಮಿಷಗಳ ೧೨ ಬೈಠಕುಗಳು. ಕೆಲವು ಶಿಶುಗಳೆದುರಿಗೆ ಚೀನೀ ಮಾತಾಡುವವರು ತಾವೇ ಕುಳಿತು ಆಡಿಸಿದರು. ಕೆಲವಕ್ಕೆ ಅದೇ ಮಾತನ್ನು ಚಿತ್ರದ ತೆರೆಯ ಮೇಲೆ ತೋರಿಸಲಾಯಿತು. ಮೊದಲನೆಯ ಗುಂಪಿನ ಶಿಶುಗಳು ಆ ಭಾಷೆಯ ಸೂಕ್ಷ್ಮ ದನಿಗಳನ್ನು ಗುರುತಿಸಲು ಕಲಿತವು. ತೆರೆಯನ್ನು ನೋಡಿದವು ಏನನ್ನೂ ಕಲಿಯಲಿಲ್ಲ. ಅಳುವ ಕೂಸಿನ ಕೈಗೆ ಮೊಬೈಲು ಕೊಟ್ಟು, "ಹಾಡು ಕೇಳತದ, ಕಲೀತದ" ಎಂದು ಸಮಾಧಾನಪಡುವವರು ಈ ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ವರ್ಷ ತುಂಬದ ಶಿಶುವಿಗೆ ತೆರೆಯು ಬೇಡವೇ ಬೇಡ, ಎರಡನೆಯ ವರ್ಷದಲ್ಲಿಯೂ ಯೋಗ್ಯವಲ್ಲ, ಅನಂತರ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಸಲಹೆ ಮಾಡಿದೆ. ಹಗಲೆಲ್ಲ ರಾಶಿಯ ಕೆಲಸದಲ್ಲಿರುವ ತಾಯಿಗೆ ಇದನ್ನು ಹೇಳುವುದು ಸುಲಭ, ಪಾಲಿಸುವುದು ಕಷ್ಟ ಎಂಬುದನ್ನು ನಾನು ಬಲ್ಲೆ. ಆದರೆ ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯ ಬೆಂಕಿಯಿಂದ ದೂರ, ಮಾತು ಕೇಳುವಷ್ಟು ಹತ್ತಿರ ಕೂಡಿಸಿಕೊಂಡು, "ಈಗ ಹಿಟ್ಟು ನಾದೋಣ, ಈಗ ತಟ್ಟೋಣ" ಎಂದು ಮಾತಾಡುತ್ತ ಹೋಗುವುದಕ್ಕೆ ಬೇರೆ ವೇಳೆ ಬೇಕಾಗುವುದಿಲ್ಲ.

ಇನ್ನು ಕಣ್ಣು ಮತ್ತು ಕೈ. ಇವೆರಡನ್ನು ಬೇರ್ಪಡಿಸಿ ಹೇಳುವಂತಿಲ್ಲ. ೧೯೬೩ರಲ್ಲಿ ಹೆಲ್ಡ್ ಮತ್ತು ಹೈನ್ ಎಂಬವರು ಬೆಕ್ಕಿನ ಮರಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಕತ್ತಲೆಯಲ್ಲಿ ಬೆಳೆದ ಎರಡು ಮರಿಗಳನ್ನು ದಿನಕ್ಕೆ ಕೆಲವು ಗಂಟೆ ಬೆಳಕಿಗೆ ತಂದು, ನಮ್ಮ ಎಣ್ಣೆಗಾಣದಂತೆ ಸುತ್ತುವ ಒಂದು ತೊಲೆಯ ಎರಡು ತುದಿಗಳಿಗೆ ಕಟ್ಟಿದರು. ಒಂದು ಮರಿ ತನ್ನ ಕಾಲಿನಿಂದ ನಡೆಯುವುದು. ಇನ್ನೊಂದು ಬುಟ್ಟಿಯಲ್ಲಿ ಕುಳಿತು ಅದರ ನಡಿಗೆಯಿಂದಲೇ ಸುತ್ತುವುದು. ಎರಡೂ ನೋಡಿದ್ದು ಒಂದೇ ಗೋಡೆ, ಒಂದೇ ಗೆರೆ. ಆದರೂ ನಡೆದ ಮರಿಯು ಅಂಚು, ಆಳ, ಅಂತರಗಳನ್ನು ತಿಳಿಯಿತು. ಕುಳಿತ ಮರಿಯು ಕಣ್ಣಿದ್ದೂ ಅವನ್ನು ತಿಳಿಯಲಿಲ್ಲ. ಮನುಷ್ಯಶಿಶುವನ್ನು ಹೀಗೆ ಪರೀಕ್ಷಿಸುವಂತಿಲ್ಲ, ಪರೀಕ್ಷಿಸಲೂಬಾರದು. ಆದರೆ ಅಂಬೆಗಾಲಿಡುವ ಮಗು ಹೊಸ್ತಿಲು ದಾಟುವಾಗ, ಕಟ್ಟೆಯ ಅಂಚಿನಲ್ಲಿ ತಡೆದು ನಿಂತು ಕೈಯಿಂದ ತಡವುವಾಗ, ಅದು ಇದೇ ಪಾಠವನ್ನು ಓದುತ್ತಿರುತ್ತದೆ. ಮರಾಠಿಯಲ್ಲಿ ಪಾಂಗುಳಗಾಡಾ ಎನ್ನುವ ಮೂರು ಗಾಲಿಯ ಮರದ ಗಾಡಿಯನ್ನು ನೂಕುತ್ತ ನಡೆಯುವ ಮಗು ತನ್ನ ಕಾಲಿನ ಮೇಲೆ ತಾನೇ ನಿಲ್ಲುತ್ತದೆ. ಈಗ ಪೇಟೆಯಲ್ಲಿ ಮಾರುವ, ಮಗುವನ್ನು ನಡುವೆ ಕೂಡಿಸುವ ಪ್ಲಾಸ್ಟಿಕ್ ವಾಕರ್ ಅಂಥದಲ್ಲ. ಅದರಿಂದ ನಡಿಗೆ ಬೇಗ ಬರುವುದಿಲ್ಲ, ಅಪಘಾತಗಳು ಮಾತ್ರ ಆಗುತ್ತವೆ. ಕೆನಡಾ ದೇಶವು ೨೦೦೪ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು.

ಇಂದ್ರಿಯಶಿಕ್ಷಣವನ್ನು ಒಂದು ಕ್ರಮಕ್ಕೆ ತಂದವರಲ್ಲಿ ಮುಖ್ಯರಾದವರು ಡಾಕ್ಟರ್ ಮಾರಿಯಾ ಮಾಂಟೆಸ್ಸೊರಿ. ರೋಮ್ ನಗರದ ಬಡವರ ಕೇರಿಯೊಂದರಲ್ಲಿ ೧೯೦೭ರಲ್ಲಿ ಅವರು ತಮ್ಮ ಮೊದಲ ಶಿಶುಗೃಹವನ್ನು ತೆರೆದರು. ೧೯೩೯ರಲ್ಲಿ ಮದರಾಸಿಗೆ ಬಂದವರು ಮಹಾಯುದ್ಧದ ಕಾರಣದಿಂದ ೧೯೪೬ರವರೆಗೆ ನಮ್ಮ ದೇಶದಲ್ಲಿಯೇ ಉಳಿದು ಅನೇಕ ಶಿಕ್ಷಕರನ್ನು ತರಬೇತುಗೊಳಿಸಿದರು. ಅವರ ಉಪಕರಣಗಳ ತತ್ತ್ವ ಸರಳವಾದುದು: ಒಂದು ಸಲಕ್ಕೆ ಒಂದೇ ಗುಣ. ಒಂದರಿಂದ ಹತ್ತು ಸೆಂಟಿಮೀಟರ್ ವರೆಗಿನ ಹತ್ತು ಘನಗಳಿದ್ದರೆ ಬಣ್ಣ ಒಂದೇ, ಆಕಾರ ಒಂದೇ. ಅಳತೆ ಮಾತ್ರ ಬೇರೆ. ಆಗ ಮಗುವಿನ ಲಕ್ಷ್ಯ ಅಳತೆಯ ಮೇಲೆಯೇ ನೆಲೆಸುತ್ತದೆ. ತಪ್ಪಾದರೆ ವಸ್ತುವೇ ತಿಳಿಸುತ್ತದೆ, ಶಿಕ್ಷಕನು ಗದರಬೇಕಾಗಿಲ್ಲ.

ಆದರೆ ಆ ಉಪಕರಣಗಳು ಬೆಲೆಯುಳ್ಳವು. ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ, ಅವರೊಡನೆ ದುಡಿದ ತಾರಾಬಾಯಿ ಮೋಡಕ್ ಇವರು ಈ ಪದ್ಧತಿಯನ್ನು ನಮ್ಮ ದೇಶಕ್ಕೆ ಒಗ್ಗಿಸಿದರು. ತಾರಾಬಾಯಿಯವರು ೧೯೪೫ರಲ್ಲಿ ಬೋರ್ಡಿಯಲ್ಲಿ, ಅನಂತರ ೧೯೫೭ರಿಂದ ಕೋಸಬಾಡದಲ್ಲಿ, ಅನುತಾಯಿ ವಾಘ್ ಅವರೊಡನೆ ಹಳ್ಳಿಯ ಹಾಗೂ ಆದಿವಾಸಿ ಮಕ್ಕಳ ನಡುವೆ ಕೆಲಸ ಮಾಡಿದರು. ಅಲ್ಲಿ ಚಿಪ್ಪು, ಬೀಜ, ಎಲೆ, ಕಲ್ಲುಗಳೇ ಉಪಕರಣಗಳಾದವು. ಮಕ್ಕಳು ಬಾಲವಾಡಿಗೆ ಬಾರದಿದ್ದಾಗ ಬಾಲವಾಡಿಯನ್ನೇ ಅವರ ಗುಡಿಸಲುಗಳ ಅಂಗಳಕ್ಕೆ ಒಯ್ದರು. ೧೯೭೫ರ ಅಕ್ಟೋಬರ್ ೨ರಂದು ಸರ್ಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಆರಂಭಿಸಿದಾಗ ಅದರ ಕೇಂದ್ರಗಳಿಗೆ ಬಂದ ಹೆಸರು ಅಂಗನವಾಡಿ. ಮರಾಠಿಯ ಅಂಗಣವೂ ಕನ್ನಡದ ಅಂಗಳವೂ ಒಂದೇ ಆದುದರಿಂದ ಗಡಿಯವರಾದ ನಮಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಚಿಪ್ಪುಗಳು ಕಡಲ ಬದಿಯವು. ನಮ್ಮ ಎರೆನೆಲದಲ್ಲಿ ಏನಿದೆ? ಬೇಕಾದಷ್ಟಿದೆ. ಹಳೆಯ ಮನೆಗಳ ಅಟ್ಟದ ಮೇಲೆ ಪಾವು, ಅಚ್ಚೇರು, ಸೇರುಗಳೆಂಬ ಹಳೆಯ ಮಾಪಗಳು ಧೂಳು ತಿನ್ನುತ್ತಿರುತ್ತವೆ. ತೊಳೆದು, ಚೂಪಾದ ಅಂಚಿಲ್ಲವೆಂದು ನೋಡಿ, ಮಗುವಿನ ಮುಂದೆ ಇಡಿರಿ. ಒಂದರೊಳಗೊಂದು ಕೂಡಿಸಿ ತೆಗೆಯುವ ಆಟವನ್ನು ಎರಡು ವರ್ಷದ ಮಗು ಅರ್ಧ ಗಂಟೆ ಆಡೀತು. ದೊಡ್ಡದು ಸಣ್ಣದರೊಳಗೆ ಹೋಗುವುದಿಲ್ಲವೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಎರಡು ಪಾವು ನೀರು ಸುರಿದರೆ ಅಚ್ಚೇರು ತುಂಬುತ್ತದೆಂಬುದನ್ನು ಮೂರು ವರ್ಷದ ಮಗು ಹಿತ್ತಲಲ್ಲಿ ಕಂಡುಕೊಂಡರೆ, ಅದೇ ಮುಂದೆ ಅಪೂರ್ಣಾಂಕದ ಲೆಕ್ಕವಾಗುತ್ತದೆ. ಹಾಗೆಯೇ ಗಟ್ಟಿ ಬಟ್ಟೆಯ ಸಣ್ಣ ಚೀಲಗಳಲ್ಲಿ ತೊಗರಿ, ಎಳ್ಳು, ಮರಳು, ಹತ್ತಿಗಳನ್ನು ತುಂಬಿ ಬಾಯಿಗೆ ಎರಡು ಸುತ್ತು ಹೊಲಿಗೆ ಹಾಕಿ ಕೊಟ್ಟರೆ ಹಗುರ-ಭಾರ, ಮೆತ್ತಗೆ-ಗಟ್ಟಿ ಎಂಬುವು ಕೈಗೆ ತಿಳಿಯುತ್ತವೆ. ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು: ಬಿಡಿ ಕಾಳನ್ನು ಎಳೆಯ ಮಗುವಿನ ಕೈಗೆ ಕೊಡಲೇಬಾರದು. ಎಲ್ಲವನ್ನೂ ಬಾಯಿಗಿಟ್ಟು ಪರೀಕ್ಷಿಸುವುದು ಆ ವಯಸ್ಸಿನ ಧರ್ಮ. ಕಡಲೆಯೋ ಶೇಂಗಾಬೀಜವೋ ಶ್ವಾಸನಾಳಕ್ಕೆ ಸಿಕ್ಕರೆ ಪ್ರಾಣಕ್ಕೆ ಮುಳುವು. ಕಾಳು ಬೇರ್ಪಡಿಸುವ ಆಟವು ಮೂರು ತುಂಬಿದ ಮೇಲೆ, ದೊಡ್ಡವರ ಕಣ್ಣೆದುರಿಗೆ ಮಾತ್ರ.

ಎಲ್ಲ ಇಂದ್ರಿಯಗಳಿಗೂ ಒಂದೇ ದಿನ ಔತಣವಾಗುವುದನ್ನು ನೋಡಬೇಕೆಂದರೆ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಬೇಕು. ನಮ್ಮ ಕಡೆ ಮರಾಠಿಗರೂ ಯೆಳವಸವೆಂದು ಆಚರಿಸುವ ಹಬ್ಬವಿದು. ತೊಟ್ಟಿಲ ಕೂಸನ್ನೂ ಬಿಡದೆ ಮನೆಮಂದಿಯೆಲ್ಲ ಹೊಲಕ್ಕೆ ನಡೆಯುತ್ತಾರೆ. ಆಳೆತ್ತರದ ಜೋಳದ ಗರಿ ಮುಖಕ್ಕೆ ತಾಗುತ್ತದೆ; ಕೊಂಪೆಯೊಳಗೆ ನೆರಳು, ಹೊರಗೆ ಬಿಸಿಲು; ಭಜ್ಜಿಯ ವಾಸನೆ, ಮಡಕೆಯ ಅಂಬಲಿಯ ತಂಪು, ಎಳ್ಳು ಮೆತ್ತಿದ ಸಜ್ಜೆರೊಟ್ಟಿಯ ಉರುಟು. ಕಡಲೆಗಿಡವನ್ನು ಸವರಿದ ಬೆರಳನ್ನು ಮಗು ಬಾಯಿಗಿಟ್ಟು ಮುಖ ಹಿಂಡುತ್ತದೆ. ಆ ಎಲೆಯ ಮೇಲಿನ ರೋಮಗಳಿಂದ ಒಸರುವ ರಸ ಹುಳಿ. ಆ ಕ್ಷಣದಲ್ಲಿ ಅಜ್ಜಿ ನಗುತ್ತ "ಹುಳಿ ಅದ ಏನವ್ವ?" ಎಂದರೆ, ಹುಳಿ ಎಂಬ ಶಬ್ದವು ನಾಲಿಗೆಯ ಮೇಲಿನ ಅನುಭವದೊಡನೆ ಸೇರಿಕೊಂಡಿತು. ಇಂದ್ರಿಯಾನುಭವಕ್ಕೆ ಶಬ್ದವು ಹತ್ತಿಕೊಳ್ಳುವ ಈ ಕ್ರಿಯೆಯೇ ಬಾಲಶಿಕ್ಷಣದ ತಿರುಳು. ಅನುಭವವಿದ್ದು ಹೆಸರಿಲ್ಲದಿದ್ದರೆ ವಿಚಾರ ಮುಂದುವರಿಯುವುದಿಲ್ಲ. ಹೆಸರಿದ್ದು ಅನುಭವವಿಲ್ಲದಿದ್ದರೆ ಅದು ಗಿಳಿಪಾಠ. ಐದಾರು ವರ್ಷಗಳ ಮೇಲೆ ವಾಚನಪಾಠದಲ್ಲಿ ಹುಳಿ, ಒಗರು, ನುಣುಪು, ಜಿಗುಟು, ಕಮ್ಮನೆ, ಗಮ್ಮನೆ ಎಂಬ ಶಬ್ದಗಳು ಬಂದಾಗ ಅರ್ಥ ಹೇಳಿಸಿಕೊಳ್ಳದೆಯೇ ಓದುವವರು, ಅವನ್ನು ಹೀಗೆ ಮೈಯಿಂದ ಕಲಿತ ಮಕ್ಕಳೇ.

ಬರವಣಿಗೆಯ ವಿಷಯದಲ್ಲಿ ಪಾಲಕರ ಆತುರ ಎಲ್ಲಕ್ಕಿಂತ ಹೆಚ್ಚು. ಮೂರು ವರ್ಷದ ಮಗುವಿನ ಮುಷ್ಟಿಗೆ ಪೆನ್ಸಿಲು ತುರುಕಿ, ಅಂಕಲಿಪಿಯನ್ನು ತೆರೆದು ತಿದ್ದಿಸುತ್ತಾರೆ. ಮಣಿಕಟ್ಟಿನ ಎಂಟು ಎಲುಬುಗಳಲ್ಲಿ ಹೆಚ್ಚಿನವು ಆ ವಯಸ್ಸಿಗೆ ಇನ್ನೂ ಮೆಲ್ಲೆಲುಬಾಗಿಯೇ ಇರುತ್ತವೆ. ಬೆರಳುಗಳ ಸ್ನಾಯುಗಳು ಹದಗೊಂಡಿರುವುದಿಲ್ಲ. ಹಿಟ್ಟಿನ ಉಂಡೆಯನ್ನು ಹಿಸುಕುವುದು, ಅವರೆಕಾಯಿಯನ್ನು ಸುಲಿಯುವುದು, ಒದ್ದೆ ಬಟ್ಟೆಯನ್ನು ಹಿಂಡುವುದು, ಇವೇ ಆ ಬೆರಳಿಗೆ ತಕ್ಕ ಅಭ್ಯಾಸಗಳು. ನಮ್ಮ ಹಳೆಯ ಗಾವಠಿ ಶಾಲೆಗಳಲ್ಲಿ ಪಾಟಿ ಬಳಪಕ್ಕಿಂತ ಮೊದಲು ಮರಳ ಮೇಲೆ ಬೆರಳಿನಿಂದ ತಿದ್ದಿಸುತ್ತಿದ್ದರು. ಮಾಂಟೆಸ್ಸೊರಿಯವರು ಮರಳುಕಾಗದದ ಅಕ್ಷರಗಳ ಮೇಲೆ ಬೆರಳಾಡಿಸಿದುದೂ ಇದೇ ತತ್ತ್ವದಿಂದ. ಎರಡಕ್ಕೂ ಸಂಬಂಧವಿಲ್ಲ; ಆದರೂ ಕಂಡುಕೊಂಡ ಸತ್ಯ ಒಂದೇ, ಅಕ್ಷರದ ಆಕಾರವು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯಬಹುದು.

ಇಷ್ಟೆಲ್ಲವೂ ಇಂದ್ರಿಯಗಳು ಆರೋಗ್ಯದಿಂದಿದ್ದರೆ ಹೇಳಿದ ಮಾತು. ಕೂಸಿಗೆ ಎಣ್ಣೆ ಹಚ್ಚಿ, ಚಾಚಿದ ಕಾಲಿನ ಮೇಲೆ ಮಲಗಿಸಿ ಎರೆಯುವ ನಮ್ಮ ಪದ್ಧತಿ ಸ್ಪರ್ಶೇಂದ್ರಿಯಕ್ಕೆ ಹಿತವಾದುದು, ಅದನ್ನು ಬಿಡಬೇಕಾಗಿಲ್ಲ. ಆದರೆ ಅದರ ಜೊತೆಗೇ ಕಿವಿಗೂ ಮೂಗಿಗೂ ಎಣ್ಣೆ ಬಿಡುವುದನ್ನೂ ಕಣ್ಣಿಗೆ ಕಾಡಿಗೆ ತೀಡುವುದನ್ನೂ ವೈದ್ಯರು ಬೇಡವೆನ್ನುತ್ತಾರೆ; ಅವುಗಳಿಂದ ಸೋಂಕು ತಗಲುತ್ತದೆ, ಕೆಲವು ಸುರುಮ ಕಾಡಿಗೆಗಳಲ್ಲಿ ಸೀಸವೂ ಇರುತ್ತದೆ. ಇರುಳುಗಣ್ಣು ಬಾರದಂತೆ ಒಂಬತ್ತನೆಯ ತಿಂಗಳಿನಿಂದ ಐದು ವರ್ಷದವರೆಗೆ ಒಂಬತ್ತು ಸಲ ಕೊಡುವ ಎ ಜೀವಸತ್ತ್ವದ ಔಷಧವನ್ನು ತಪ್ಪಿಸಬಾರದು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ರಲ್ಲಿ ಆರಂಭವಾದಂದಿನಿಂದ ವೈದ್ಯರ ತಂಡವು ಅಂಗನವಾಡಿಗಳಿಗೆ ಬಂದು ಮಕ್ಕಳ ಕಣ್ಣು ಕಿವಿಗಳನ್ನು ಪರೀಕ್ಷಿಸುವ ಏರ್ಪಾಡಿದೆ; ಆ ದಿನ ಮಗುವನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು. ಮನೆಯಲ್ಲಿಯೂ ಒಂದು ಸಾಮಾನ್ಯ ಪರೀಕ್ಷೆ ಸಾಧ್ಯ. ಏಳೆಂಟು ತಿಂಗಳ ಕೂಸಿನ ಹಿಂದೆ ನಿಂತು, ಅದು ಕಾಣದಂತೆ, ಮೆಲ್ಲನೆ ಹೆಸರು ಕರೆಯಿರಿ, ಅದು ತಿರುಗಬೇಕು. ಬೇರೆಬೇರೆ ದಿನ ಕರೆದರೂ ತಿರುಗದಿದ್ದರೆ, ಅಥವಾ ಒಂದೂವರೆ ವರ್ಷವಾದರೂ ಒಂದು ಮಾತೂ ಬಾರದಿದ್ದರೆ, "ಅವರಪ್ಪನೂ ತಡವಾಗೇ ಮಾತಾಡಿದ್ದ" ಎಂದು ಸುಮ್ಮನಿರಬಾರದು. ಕಿವಿ ಸೋರುವ ಮಗುವಿಗೆ ಎಷ್ಟೋ ಸಲ ಅರ್ಧ ಮಾತು ಮಾತ್ರ ಕೇಳುತ್ತಿರುತ್ತದೆ. ಅದು ದಡ್ಡತನವೆಂದು ಮನೆಯವರೂ ಶಿಕ್ಷಕರೂ ತಿಳಿದಿರುತ್ತಾರೆ. ಅಂಥ ಮಗುವನ್ನು, ಬಿತ್ತನೆ ಮುಗಿಯಲಿ, ರಾಶಿ ಮುಗಿಯಲಿ ಎಂದು ಕಾಯದೆ, ಮೊದಲು ಸಿಗುವ ಬಸ್ಸಿಗೆ ತಾಲೂಕಿನ ದವಾಖಾನೆಗೆ ಕರೆದುಕೊಂಡು ಹೋಗಬೇಕು.